ಇಲ್ಲ ಮತ್ತು ಬೆಳೆಯಲಿಲ್ಲ

ರಕ್ತಭೇದಿಯಿಂದ ಬಾಡಿಹೋಗಿದ್ದ ಕೂಸೊಂದರ ಮಲದ ಡಬ್ಬಿ ಪ್ರಯೋಗಾಲಯಕ್ಕೆ ಬಂತು. ಅದರಲ್ಲಿ ಅದ್ದಿದ್ದೇ ತಡ, ಪರೀಕ್ಷೆಯ ಕಾಗದದ ಪಟ್ಟಿ "ರೋಗಾಣು ಇಲ್ಲ" ಎಂದು ಸಾರಿತು. ರೋಗಾಣುವನ್ನು ಬೆಳೆಸಿ ನೋಡುವ ಗಾಜಿನ ತಟ್ಟೆ ಮಾತ್ರ, "ಹೆಪ್ಪು ಹಾಕಿದ ಕೂಡಲೇ ಮೊಸರಾದೀತೇ? ತಾಳು" ಎಂದು ಬೆಚ್ಚಗಿನ ಪೆಟ್ಟಿಗೆ ಸೇರಿತು. ಮರುದಿನ ಅದರ ಮೈಮೇಲೂ ರೋಗಾಣು ಬೆಳೆದ ಒಂದೇ ಒಂದು ಚುಕ್ಕೆ ಮೂಡಿರಲಿಲ್ಲ.

"ಈಗಲಾದರೂ ಇಲ್ಲ ಎನ್ನು" ಎಂದಿತು ಪಟ್ಟಿ.

ತಟ್ಟೆಗೆ ನಾಚಿಕೆಯಾಯಿತು. ಆದರೆ ಡಬ್ಬಿ ಬಿಸಿಲಲ್ಲಿ ಬಿಸಿಯಾಗಿ ಬಂದದ್ದು ಅದಕ್ಕೆ ನೆನಪಿತ್ತು; ರೋಗಾಣು ದಾರಿಯಲ್ಲೇ ಸತ್ತಿರಲೂಬಹುದು. "ನನ್ನಲ್ಲಿ ಬೆಳೆಯಲಿಲ್ಲ. ನಾನು ಬಲ್ಲದ್ದು ಅಷ್ಟೇ."

"ಎರಡೂ ಒಂದೇ!"

ಎರಡೂ ವರದಿ ಓದಿದ ಡಾಕ್ಟರ್ ವಾರಿಜಾ ಒಂದೇ ಎಂದುಕೊಳ್ಳಲಿಲ್ಲ. "ಬೆಳೆಯಲಿಲ್ಲವೇ? ಹಾಗಾದರೆ ಇನ್ನೊಮ್ಮೆ ತನ್ನಿಯಮ್ಮ, ಈ ಸಲ ಬಿಸಿಲು ತಾಗಿಸಬೇಡಿ" ಎಂದು ಕೂಸಿನ ತಾಯಿಗೆ ಹೇಳಿದರು. ಹೊಸ ಡಬ್ಬಿ ಬಂತು, ಹೊಸ ತಟ್ಟೆಯ ತುಂಬ ಚುಕ್ಕೆಗಳೆದ್ದವು, ತಕ್ಕ ಔಷಧಿ ಹೊರಟಿತು.

ಹಳೆಯ ತಟ್ಟೆಯನ್ನು ತೊಳೆಯಲು ಒಯ್ಯುವಾಗ ಕಸದ ಬುಟ್ಟಿಯಿಂದ ಪಟ್ಟಿ ಕೂಗಿತು: "ನೀನೂ ನನ್ನಂತೆ ಸೋತೆಯಲ್ಲ!"

"ಸೋತೆ. ಆದರೆ ಹೋದ ವಾರ ನಿನ್ನಣ್ಣ ಪಟ್ಟಿ 'ಇಲ್ಲ' ಎಂದು ಕಳಿಸಿದ ಕೂಸಿನ ಮನೆಯಿಂದ ಎರಡನೆಯ ಡಬ್ಬಿಯನ್ನು ಯಾರೂ ಕೇಳಲಿಲ್ಲ, ಅದು ಬರಲೇ ಇಲ್ಲ."