ಅವರೆಯ ಬೇರಿನಲ್ಲಿ ಗಾಳಿ ಕೂತದ್ದು

ಲೋಕ ಹೊಸದಾಗಿದ್ದ ಕಾಲ. ಬಂಡೆಗಳ ಅಂಚು ಇನ್ನೂ ಸವೆದಿರಲಿಲ್ಲ. ಹಕ್ಕಿಗಳಿಗೆ ತಮ್ಮ ತಮ್ಮ ಹಾಡು ಇನ್ನೂ ಬಾಯಿಪಾಠವಾಗಿರಲಿಲ್ಲ. ಆಗ ಎಲ್ಲ ಗಿಡಗಳ ಬೇರೂ ಒಂದೇ ತೆರನಾಗಿತ್ತು: ನುಣ್ಣಗೆ, ತೆಳ್ಳಗೆ, ನೂಲಿನ ಹಾಗೆ. ಅವರೆಯ ಬೇರೂ ಹಾಗೆಯೇ ಇತ್ತು.

ಎಲ್ಲವೂ ಹೊಸದಾಗಿದ್ದ ಆ ಕಾಲದಲ್ಲಿ ದಣಿವು ಮಾತ್ರ ಆಗಲೇ ಹಳೆಯದಾಗಿತ್ತು. ಮಣ್ಣು ದಣಿದಿತ್ತು. ಗಾಳಿ ದಣಿದಿತ್ತು. ಬೋಳುಗುಡ್ಡದ ಕೆಳಗೆ ರಾಗಿ ಬೆಳೆಯುತ್ತಿದ್ದ ಬಯ್ಯಮ್ಮನೂ ದಣಿದಿದ್ದಳು. ಆದರೆ ಬಯ್ಯಮ್ಮ ಅದನ್ನು ಒಪ್ಪಿಕೊಳ್ಳುವವಳಲ್ಲ.

ಅವಳ ಹೊಲದಷ್ಟು ಚೊಕ್ಕಟವಾದ ಹೊಲ ಆ ಸೀಮೆಯಲ್ಲೇ ಇರಲಿಲ್ಲ. ಸುಗ್ಗಿ ಬಂದರೆ ತೆನೆ ಕೊಯ್ಯುತ್ತಿದ್ದಳು, ಹುಲ್ಲು ಕೊಯ್ಯುತ್ತಿದ್ದಳು, ಕೂಳೆ ಕೀಳುತ್ತಿದ್ದಳು. ಕಾಡುಸೊಪ್ಪು ಕಟ್ಟಿದ ಪೊರಕೆ, ಅಂದರೆ ಬರಲು, ಹಿಡಿದು ಉದುರಿದ ಎಲೆಯನ್ನೆಲ್ಲ ಗುಡಿಸಿ, ಒಟ್ಟಿ, ಬೆಂಕಿ ಇಡುತ್ತಿದ್ದಳು. ದನ ಹಾಕಿದ ಸಗಣಿಯನ್ನು ಬೆರಣಿ ತಟ್ಟಿ ಒಲೆಗೆ ಒಯ್ಯುತ್ತಿದ್ದಳು. ಕೊನೆಗೆ ಉಳಿದ ಬೂದಿಯನ್ನೂ ಪಾತ್ರೆ ಬೆಳಗಲು ಮನೆಗೆ ಹೊರುತ್ತಿದ್ದಳು.

ಅವಳ ಗಂಡ ದ್ಯಾವಪ್ಪ ಬದುವಿನ ಮೇಲೆ ಕೂತು ನಗುತ್ತಿದ್ದ.

"ಏನೇ ಇವಳೇ, ನಿನ್ನ ಹೊಲದಾಗೆ ಎಲೆ ಹಾಕದೇನೇ ಉಣ್ಣಬೋದಲ್ಲ. ನಡಿಯೋಕೆ ನಂಗೇ ಭಯ ಆಗ್ತದೆ, ಎಲ್ಲಿ ಕಾಲು ತೊಳ್ಕೊಂಡು ಬಾ ಅಂತೀಯೋ ಅಂತ."

"ತೊಳ್ಕೊಂಡು ಬಂದ್ರೆ ನಷ್ಟ ಏನು?" ಎನ್ನುತ್ತಿದ್ದಳು ಬಯ್ಯಮ್ಮ, ಸೊಂಟದ ಮೇಲೆ ಕೈಯಿಟ್ಟು.

ಹೀಗೆ ನೂರು ವರ್ಷ ನಡೆಯಿತೆಂದು ಹೇಳುತ್ತಾರೆ. ಬಯ್ಯಮ್ಮನೊಬ್ಬಳೇ ಅಷ್ಟು ಕಾಲ ಬಾಳಿರಲಾರಳು. ಹತ್ತು ಹನ್ನೆರಡು ಬೆಳೆ ಎಂದುಕೊಂಡರೆ ಸಾಕು. ಅಷ್ಟರಲ್ಲಿ ರಾಗಿ ಬದಲಾಯಿತು. ಪೈರು ಏಳುತ್ತಿತ್ತು, ತೆನೆಯೂ ಬರುತ್ತಿತ್ತು. ಆದರೆ ಮೊರದಲ್ಲಿ ಹಾಕಿ ಕೇರಿದರೆ ಅರ್ಧ ಜೊಳ್ಳಾಗಿ ಹಾರಿಹೋಗುತ್ತಿತ್ತು. ಉಳಿದ ಕಾಳು ಸಣ್ಣದು, ಬಣ್ಣ ಮಾಸಿದ್ದು. ಹಿಟ್ಟು ತೊಳಸಿದರೆ ಮುದ್ದೆ ಬಿರುಕು ಬಿಡುತ್ತಿತ್ತು.

ಮನೆಯಲ್ಲಿ ಪಾಪಚ್ಚಿ ಇದ್ದಳು, ತಾಯಿಯಿಲ್ಲದ ಮೊಮ್ಮಗಳು. ಮೂರು ವರ್ಷ ತುಂಬಿದ್ದರೂ ಮಗು ಎದ್ದು ನಿಂತಿರಲಿಲ್ಲ. ಹೊಸಿಲಿಗೆ ಒರಗಿಸಿ ಕೂರಿಸಿದರೆ ಕೂರುತ್ತಿದ್ದಳು. ತಟ್ಟೆ ತುಂಬ ಉಣಿಸಿದರೂ ಹೊಟ್ಟೆ ಉಬ್ಬುತ್ತಿತ್ತೇ ಹೊರತು ಹಸಿವು ತೀರುತ್ತಿರಲಿಲ್ಲ.

"ಅಜ್ಜೀ, ಇನ್ನೂ ಹಸಿವು" ಎನ್ನುತ್ತಿದ್ದಳು ಪಾಪಚ್ಚಿ. ಅಳುತ್ತಿರಲಿಲ್ಲ, ಅಳುವುದಕ್ಕೂ ತ್ರಾಣ ಬೇಕಷ್ಟೆ.

ಹೊಲದ ಕೊಳೆಯೇ ಬೆಳೆಯ ಸಾರವನ್ನು ತಿನ್ನುತ್ತಿದೆ ಎಂದು ಬಯ್ಯಮ್ಮ ಲೆಕ್ಕ ಹಾಕಿದಳು. ಅದಕ್ಕೇ ಇನ್ನಷ್ಟು ಗುಡಿಸಿದಳು, ಇನ್ನಷ್ಟು ಕಿತ್ತಳು, ಇನ್ನಷ್ಟು ಸುಟ್ಟಳು. ಮುಂದಿನ ಬೆಳೆ ಇನ್ನಷ್ಟು ಜೊಳ್ಳಾಯಿತು.

ಒಂದು ಮಧ್ಯಾಹ್ನ ಬರಲು ಹಿಡಿದ ಕೈ ಮೇಲೇಳಲಿಲ್ಲ. ಬಯ್ಯಮ್ಮ ನಡುಹೊಲದಲ್ಲಿ ಕುಸಿದು ಕೂತಳು. ಅಂಗೈ ಊರಿದ ಕಡೆ ಮಣ್ಣು ಕಾದ ಹೆಂಚಿನಂತಿತ್ತು.

"ಅವ್ವಾ" ಎಂದಳು ಮಣ್ಣಿಗೆ. "ಇಷ್ಟು ಸೇವೆ ಮಾಡ್ತೀನಲ್ಲ, ನನ್ನ ಮೊಮ್ಮಗಳಿಗೆ ನೀನು ಕೊಡೋದು ಬರೀ ಹೊಟ್ಟಾ?"

ಮಣ್ಣು ನೀರಿಳಿದ ಬಾವಿಯ ತಳದಿಂದ ಬಂದಂಥ ದನಿಯಲ್ಲಿ ಹೇಳಿತು:

"ಮಗಳೇ, ನೀನು ತೆನೆ ಒಯ್ದೆ, ನಾನು ಕೊಟ್ಟೆ. ಹುಲ್ಲು ಒಯ್ದೆ, ಕೊಟ್ಟೆ. ಕೂಳೆ, ಎಲೆ, ಸಗಣಿ, ಬೂದಿ, ಎಲ್ಲ ಒಯ್ದೆ. ನನ್ನ ಮನೆ ಗುಡಿಸ್ತೀನಿ ಅಂತ ನನ್ನ ಅಡಿಗೆಮನೇನೇ ಗುಡಿಸಿಬಿಟ್ಟೆ. ಇನ್ನು ಬಡಿಸು ಅಂದ್ರೆ ಏನು ಬಡಿಸಲಿ? ನಂಗೂ ಸುಸ್ತು ಕಣವ್ವ."

ಬಯ್ಯಮ್ಮ ಕಣ್ಣೆತ್ತಿ ಬೋಳಾದ ಹೊಲವನ್ನೆಲ್ಲ ನೋಡಿದಳು.

"ಹಾಗಾದ್ರೆ ಎಲ್ಲೂ ಇಲ್ಲವಾ, ಅವ್ವಾ?"

"ಇದೆ. ಗಾಳಿಯ ಹತ್ರ ಬುತ್ತಿ ಇದೆ. ಎಷ್ಟು ಬೆಳೆ ಉಂಡರೂ ಮುಗಿಯದಷ್ಟು. ಆದ್ರೆ ಅದು ನಿಲ್ಲೋದಿಲ್ಲ, ನನಗೆ ಹಿಡಿಯೋಕೆ ಕೈ ಇಲ್ಲ."

ಅದೇ ಹೊತ್ತಿಗೆ ಗುಡ್ಡದ ಕಡೆಯಿಂದ ಗಾಳಿ ಬಂತು. ಬಯ್ಯಮ್ಮ ಎದ್ದು, ಸೆರಗು ಬೀಸಿ ಕೂಗಿದಳು.

"ಗಾಳಪ್ಪಾ, ಒಂದು ಗಳಿಗೆ ನಿಲ್ಲು!"

"ನಿಲ್ಲಲಾ? ಎಲ್ಲಿ ನಿಲ್ಲಲಿ?" ಎಂದಿತು ಗಾಳಿ, ಏದುಸಿರು ಬಿಡುತ್ತ. "ಬಂಡೆ ಸುಡ್ತದೆ. ಮರ ಕೊಡವಿಬಿಡ್ತದೆ. ಹೊಳೆಯ ಮೇಲೆ ಕೂತ್ರೆ ಹೊಳೆಯೇ ನಡೀತದೆ. ಲೋಕ ಹುಟ್ಟಿದಾಗಿನಿಂದ ಓಡ್ತಾ ಇದ್ದೀನಿ, ತಾಯಿ. ಕೂರೋಕೆ ಗೇಣು ಜಾಗ ತೋರಿಸು, ಬುತ್ತಿ ಬಿಚ್ಚಿ ಇಟ್ಟುಹೋಗ್ತೀನಿ."

"ನನ್ನ ಹೊಲದಾಗೆ ಕೂರು. ಇಷ್ಟು ಚೊಕ್ಕಟವಾದ ಜಾಗ ಇನ್ನೆಲ್ಲಿ ಸಿಗ್ತದೆ?"

ಗಾಳಿ ಹೊಲದ ಮೇಲೆ ಒಂದು ಸುತ್ತು ಹಾಕಿತು, ಎರಡು ಸುತ್ತು ಹಾಕಿತು. ಎಲ್ಲಿ ಕೂತರೂ ಜಾರಿತು.

"ಕೂರೋಕೆ ಏನಿಟ್ಟಿದ್ದೀಯ ಇಲ್ಲಿ? ಒಂದು ಒಣಗಿದ ಎಲೆ ಕೂಡ ಇಲ್ಲ" ಎಂದು ಹೊರಡಲು ಅಣಿಯಾಯಿತು.

ಬದುವಿನಲ್ಲಿ ಒಂದು ಅವರೆಗಿಡ ಇತ್ತು. ರಾಗಿಯಲ್ಲದ್ದೆಲ್ಲ ಕಳೆ ಎನ್ನುವುದು ಬಯ್ಯಮ್ಮನ ನಿಯಮ. ಆ ಗಿಡವನ್ನು ಕೀಳಬೇಕೆಂದು ಬೆಳಗಿನಿಂದ ಅಂದುಕೊಂಡೇ ಇದ್ದಳು. ಆ ಗಿಡ ಈಗ ಮೆಲ್ಲಗೆ ಹೇಳಿತು:

"ನನ್ನ ಬೇರಿನಲ್ಲಿ ಜಾಗ ಮಾಡಿಕೊಡ್ತೀನಿ. ಸಣ್ಣ ಸಣ್ಣ ಕೋಣೆ. ಬಿಸಿಲು ಬರಲ್ಲ, ಯಾರೂ ಕೊಡವಲ್ಲ. ಬಯ್ಯಮ್ಮ ನನ್ನನ್ನು ರಾಗಿ ಜೊತೆ ಇರೋಕೆ ಬಿಟ್ರೆ ಸಾಕು."

ಗಾಳಿ ಒಪ್ಪಿತು, ಬಯ್ಯಮ್ಮನೂ ಒಪ್ಪಿದಳು. ಗಾಳಿ ಹೀಗೆಲ್ಲ ಮಾತಾಡಿತೆಂದು ಹೇಳುವವರು ಹೇಳುತ್ತಾರೆ. ಬಯ್ಯಮ್ಮ ಹಸಿದಿದ್ದಳು, ಉರಿಬಿಸಿಲಿನಲ್ಲಿದ್ದಳು. ಅವಳ ಕಿವಿಗೆ ಬಿದ್ದದ್ದು ಏನೋ, ಯಾರಿಗೆ ಗೊತ್ತು? ಅರ್ಥ ಮಾಡಿಕೊಂಡದ್ದು ಮಾತ್ರ ಸರಿಯಾಗಿಯೇ ಇತ್ತು.

ಮಳೆ ಬಿದ್ದ ಮೇಲೆ ಬಯ್ಯಮ್ಮ ಆರಾರು ಸಾಲು ರಾಗಿಯ ನಡುವೆ ಒಂದೊಂದು ಸಾಲು ಅವರೆ ಬಿತ್ತಿದಳು. ಅವರೆ ತನ್ನ ನೂಲಿನಂಥ ಬೇರಿನಲ್ಲಿ ಕೋಣೆಗಳನ್ನು ಕಟ್ಟಿತು. ಓಡಿ ಓಡಿ ಸೋತ ಗಾಳಿ ಒಳಗೆ ಬಂದು ಕೂತಿತು. ಮಣ್ಣಿಗೆ ಬೇಸಾಯ ಹುಟ್ಟಿದಾಗಿನಿಂದ ಮೊದಲ ಸಲ ಒಬ್ಬರು ನೆಂಟರು ಬಂದರು.

ಆ ವರ್ಷ ಅವರೆಯ ಪಕ್ಕದ ಸಾಲಿನ ರಾಗಿ ಕೊಂಚ ಕಪ್ಪುಹಸಿರಾಗಿತ್ತು. ಬಯ್ಯಮ್ಮ ರಾಗಿ ಕೊಯ್ದಳು, ಅವರೆಕಾಯಿ ಬಿಡಿಸಿದಳು. ಅಷ್ಟಕ್ಕೆ ನಿಂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಹನ್ನೆರಡು ಬೆಳೆಯ ರೂಢಿ ಕೈಯಲ್ಲಿತ್ತು. ಕಾಯಿ ಮುಗಿದ ಗಿಡ ಕಣ್ಣಿಗೆ ಕಸವಾಗಿ ಕಂಡಿತು. ಒಂದನ್ನು ಹಿಡಿದು ಎಳೆದಳು. ಬೇರಿನ ತುಂಬ ಗಂಟುಗಳು.

"ಅಯ್ಯೋ, ಗಿಡಕ್ಕೆ ರೋಗ ಹತ್ತಿದೆ!" ಎಂದು ಹೌಹಾರಿದಳು. "ಇದು ಮಣ್ಣಿಗೂ ಅಂಟಿಕೊಂಡ್ರೆ ಮುಗೀತು."

ಗಾಳಿ ಎಲ್ಲಿ ಕೂರುತ್ತದೆಂದು ಅವಳಿಗೆ ಗೊತ್ತಿತ್ತು. ಕೂತರೆ ಹೀಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಸಾಲು ಸಾಲಾಗಿ ಕಿತ್ತಳು, ಕೊಡವಿದಳು, ಒಟ್ಟಿ ಬೆಂಕಿ ಇಟ್ಟಳು. ನಿದ್ದೆಯಲ್ಲಿದ್ದ ಗಾಳಿ ಹೊಗೆಗೆ ಎಚ್ಚೆತ್ತು, ಬುತ್ತಿಯನ್ನೂ ಎತ್ತಿಕೊಂಡು ಗುಡ್ಡದಾಚೆ ಓಡಿತು.

ಮರುವರ್ಷ ರಾಗಿ ಮೊಣಕಾಲುದ್ದವೂ ಏಳಲಿಲ್ಲ. ಪಾಪಚ್ಚಿ ಹೊಸಿಲಿಗೆ ಒರಗಿ ಕೂರುವುದನ್ನೂ ಬಿಟ್ಟಳು. ಚಾಪೆಯ ಮೇಲೆ ಮಲಗಿದಲ್ಲಿಂದಲೇ ಬಾಗಿಲ ಕಡೆ ನೋಡುತ್ತಿದ್ದಳು. ಹಸಿವೆಂದು ಹೇಳುವುದೂ ನಿಂತಿತು. ಆ ಮೌನ ಬಯ್ಯಮ್ಮನನ್ನು ಗುಡ್ಡ ಹತ್ತಿಸಿತು.

ಗುಡ್ಡದ ನೆತ್ತಿಯಲ್ಲಿ ಗಾಳಿ ಸಿಕ್ಕಿತು, ನಿಲ್ಲಲಿಲ್ಲ. ಬಯ್ಯಮ್ಮ ಅದರ ಹಿಂದೆಯೇ ಏಗುತ್ತ ನಡೆದಳು.

"ತಪ್ಪಾಯ್ತು, ಗಾಳಪ್ಪಾ. ಇನ್ನೊಂದು ಸಲ ಬಾ."

"ನಿನ್ನ ಮಾತು ನಂಬ್ತೀನಿ, ತಾಯಿ. ನಿನ್ನ ಕೈ ನಂಬಲ್ಲ. ನೀನು ಬೇಡ ಅಂದ್ರೂ ಅವು ಕೇಳಲ್ಲ."

ಬಯ್ಯಮ್ಮ ತನ್ನ ಕೈಗಳನ್ನು ನೋಡಿಕೊಂಡಳು.

"ಬಂದು ನೋಡು. ಕೂರಬೇಡ, ಸುಮ್ನೆ ಸುತ್ತಿ ನೋಡು. ಬೇರು ಕಿತ್ತದ್ದು ಕಂಡ್ರೆ ಹೋಗಿಬಿಡು. ಆದ್ರೆ ಹೆಚ್ಚು ದಿನ ತಡೆಯೋಕೆ ಮಗು ಕೈಲಿ ಆಗಲ್ಲ."

ಬಯ್ಯಮ್ಮ ಗುಡ್ಡ ಇಳಿಯುವಾಗ ಅವಳ ಬೆನ್ನ ಹಿಂದೆ ಹುಲ್ಲು ಅಲ್ಲಾಡುತ್ತಿತ್ತು.

ಮುಂಗಾರಿನ ಮೊದಲ ಹದಕ್ಕೇ ಬಯ್ಯಮ್ಮ ಹೊಲದ ತುಂಬ ಅವರೆ ಬಿತ್ತಿದಳು. ಆ ಬೆಳೆ ಮುಗಿಯುವವರೆಗೆ ಅವಳು ಪಟ್ಟ ಕಷ್ಟ ದೊಡ್ಡದು. ಏನನ್ನೂ ಮಾಡದೆ ಇರುವ ಕಷ್ಟ. ಎಲೆ ಉದುರಿತು, ಗುಡಿಸಲಿಲ್ಲ. ದನ ಸಗಣಿ ಹಾಕಿತು, ಎತ್ತಲಿಲ್ಲ. ಬೂದಿಯನ್ನು ಒಲೆಯಿಂದ ಹೊತ್ತು ತಂದು ಹೊಲಕ್ಕೇ ಎರಚಿದಳು. ಎಳೆಯ ಕಾಯಿ ಬೇಯಿಸಿ ಹಿಸುಕಿ ಪಾಪಚ್ಚಿಗೆ ಕುಡಿಸುತ್ತ ದಿನ ತಳ್ಳಿದಳು. ಹೋಗಿಬರುವವರು ಬದುವಿನ ಮೇಲೆ ನಿಂತು ಆಡಿಕೊಂಡರು.

"ಬಯ್ಯಮ್ಮಕ್ಕಾ, ಬರಲು ಕಳೆದುಹೋಯ್ತಾ? ನಮ್ಮನೇದು ಕೊಡಲಾ?"

"ನಿಮ್ಮನೇಲಿ ಗುಡಿಸಿ ಎಷ್ಟು ದಿನ ಆಯ್ತೋ, ಮೊದಲು ಅಲ್ಲಿ ಗುಡಿಸಿಕೊಳ್ರವ್ವ" ಎಂದಳೇನೋ ನಿಜ. ಆದರೆ ಮನೆಗೆ ಬಂದು ಅವಮಾನಕ್ಕೆ ಅತ್ತಳು. ದ್ಯಾವಪ್ಪ ಈ ಸಲ ನಗಲಿಲ್ಲ. ಕಾಯಿ ಮುಗಿದ ದಿನ ಹೆಂಡತಿಯ ಕೈಗೆ ಕುಡುಗೋಲು ಕೊಟ್ಟು, "ಬುಡಕ್ಕೆ ಕೊಯ್ಯಿ. ಕೈ ಕೆಳಗೆ ಹೋದ್ರೆ ನಾನು ಹಿಡ್ಕೊತೀನಿ" ಎಂದ.

ಬಯ್ಯಮ್ಮ ಒಂದೊಂದೇ ಗಿಡವನ್ನು ನೆಲಮಟ್ಟಕ್ಕೆ ಕೊಯ್ದು, ಕಡ್ಡಿ ಎಲೆಯನ್ನು ಅಲ್ಲಿಯೇ ಹಾಸಿದಳು. ಬೇರು ಮಣ್ಣಿನಲ್ಲೇ ಉಳಿಯಿತು. ಒಂದು ಕಡೆ ಮಾತ್ರ ಅವಳ ಕೈ ತಾನಾಗಿ ಬೇರಿನತ್ತ ಹೋಯಿತು, ದ್ಯಾವಪ್ಪ ಹಿಡಿದುಕೊಂಡ. ಇಬ್ಬರೂ ಇನ್ನೂ ಗಾಳಿಗಾಗಿ ಕಾಯುತ್ತಿದ್ದರು. ಅವರೆ ಬಿತ್ತಿದ ತಿಂಗಳೊಳಗೇ ಗಾಳಿ ಬಂದು, ಕೋಣೆ ಸೇರಿ, ಬುತ್ತಿ ಬಿಚ್ಚಿಟ್ಟು, ದಣಿವು ಆರಿದ ಮೇಲೆ ಸದ್ದಿಲ್ಲದೆ ಎದ್ದುಹೋಗಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ.

ಅದು ತಿಳಿದದ್ದು ಅದೇ ಹೊಲದಲ್ಲಿ ಆಮೇಲೆ ಹಾಕಿದ ರಾಗಿಯಿಂದ. ತೆನೆ ತೂಗಿ ಬಾಗಿತು. ಮೊರದಲ್ಲಿ ಕೇರಿದರೆ ಕಾಳು ಕದಲಲಿಲ್ಲ. ಮುದ್ದೆ ಬಿರಿಯದೆ, ಹೊಳೆಯುತ್ತ, ತಟ್ಟೆಯಲ್ಲಿ ಗಟ್ಟಿಯಾಗಿ ಕೂತಿತು. ಬಯ್ಯಮ್ಮ ಸಣ್ಣ ಸಣ್ಣ ತುತ್ತು ಮುರಿದು ಸಾರಿನಲ್ಲಿ ಅದ್ದಿ, ಪಾಪಚ್ಚಿಯ ತಲೆ ಎತ್ತಿ ಹಿಡಿದು ಉಣಿಸಿದಳು. ಐದು ತುತ್ತು, ಆರು ತುತ್ತು. ಏಳನೆಯದಕ್ಕೆ ಮಗು ಮುಖ ತಿರುಗಿಸಿತು.

"ಯಾಕವ್ವಾ?" ಎಂದಳು ಬಯ್ಯಮ್ಮ, ಹೆದರಿ.

"ಸಾಕು" ಎಂದಳು ಪಾಪಚ್ಚಿ.

ಆ ಮನೆಯಲ್ಲಿ ಆ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಬಯ್ಯಮ್ಮ ತುತ್ತನ್ನು ಕೈಯಲ್ಲಿ ಹಿಡಿದೇ ಗೋಡೆಗೆ ಒರಗಿದಳು. ಮೂರು ತಿಂಗಳಿಗೆ ಮಗು ನಿಂತಳು, ಆರು ತಿಂಗಳಿಗೆ ನಡೆದಳು. ಮುದ್ದೆ ಉಂಡ ದಿನವೇ ಎದ್ದು ಓಡಿದಳೆಂದೂ ಕೆಲವರು ಹೇಳುತ್ತಾರೆ. ಅಷ್ಟು ಬೇಗ ಆಗುವ ಕೆಲಸ ಅದಲ್ಲ. ಮಣ್ಣಿನ ದಣಿವು ಆರಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ಅಂದಿನಿಂದ ಅವರೆ ತಾನು ಕಟ್ಟಿದ ಕೋಣೆಗಳನ್ನು ಕೆಡವಿಲ್ಲ. ಇಂದಿಗೂ ಹೂ ಬಿಡುವ ಹೊತ್ತಿಗೆ ಒಂದು ಅವರೆಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಅಗೆದು ನೋಡಿದರೆ, ಬೇರಿನುದ್ದಕ್ಕೂ ಸಾಸಿವೆಯಷ್ಟು, ಮೆಣಸಿನ ಕಾಳಿನಷ್ಟು ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು: ಬಹಳ ದೂರ ಓಡಿಬಂದು ಈಗಷ್ಟೇ ಕೂತವರ ಮುಖದ ಹಾಗೆ.