ಅಜ್ಜ ತಲೆಯಾಡಿಸಿದ ಅಣಬೆ

"ಗುರುಗಳೇ, ನಾಳೆಯಿಂದ ನಾನೊಬ್ಬನೇ ಊರೂರು ತಿರುಗಬೇಕು. ಜನ ಏನೇನೋ ಕೇಳುತ್ತಾರೆ. ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಎಂದುಬಿಡಲೇ? ಹಾಗೆಂದರೆ ನನ್ನ ಮಾತಿಗೆ ಬೆಲೆ ಉಳಿದೀತೇ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಒಂದು ಅಣಬೆಯ ಕತೆ ಹೇಳುತ್ತೇನೆ, ಕೇಳು. ನಮ್ಮ ಮಠದ ಒಲೆಗೆ ಅಣಬೆ ಬರುವುದಿಲ್ಲ, ನಿಜ. ಆದರೆ ಕತೆಗೇನು ಮಡಿ?" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಮುದುಕ ರೈತನಿದ್ದ. ಗುಡುಗಿ ಮಳೆ ಹಿಡಿಯಿತೆಂದರೆ ಊರ ಗೋಮಾಳದ ಹುಲ್ಲಿನಲ್ಲಿ ಅಣಬೆ ಏಳುತ್ತಿದ್ದವು. ತಿನ್ನುವಂಥವೂ ಇದ್ದವು, ಪ್ರಾಣ ತೆಗೆಯುವಂಥವೂ ಇದ್ದವು. ಎರಡಕ್ಕೂ ಅದೇ ಬಿಳಿ ಕೊಡೆ. ಹಾಗಾಗಿ ಊರಿನವರು ಕಿತ್ತದ್ದನ್ನು ಮೊದಲು ಅಜ್ಜನಿಗೆ ತೋರಿಸಿ ಆಮೇಲೆ ಒಲೆಗೆ ಹಾಕುತ್ತಿದ್ದರು. ಅಜ್ಜ ಒಂದೊಂದನ್ನೂ ಕೈಗೆತ್ತಿಕೊಂಡು, ತಿರುಗಿಸಿ ಕೊಡೆಯ ಅಡಿ ನೋಡಿ, ಬುಡದ ಮಣ್ಣು ಒರೆಸಿ, ಚಿವುಟಿ, ಮೂಸಿ, ಕೊನೆಗೆ ಹೂಂ ಎಂದು ತಲೆಯಾಡಿಸುತ್ತಿದ್ದ. ಬೇಡ ಎಂದರೆ ಜನ ಮರುಮಾತಿಲ್ಲದೆ ಬಿಸಾಡುತ್ತಿದ್ದರು. ಯಾರ ಮನೆಯಲ್ಲೂ ಒಬ್ಬರ ಹೊಟ್ಟೆಯೂ ನೊಂದಿರಲಿಲ್ಲ. ಗೊತ್ತಿಲ್ಲ ಎಂಬ ಮಾತನ್ನು ಮಾತ್ರ ಅವನ ಬಾಯಿಂದ ಯಾರೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ, ಆ ಊರಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಮಡಿಲ ತುಂಬ ಅಣಬೆ ತಂದಳು. ಆ ಮಳೆಗಾಲದಲ್ಲಿ ಅವಳು ಅಜ್ಜನ ಬಳಿ ಬಂದದ್ದು ಅದೇ ಮೊದಲಲ್ಲ. ಆದರೆ ಅಂದು ಅಜ್ಜ ಊರ ಕಟ್ಟೆಯ ಬಳಿ ಇದ್ದ, ಕಟ್ಟೆಯ ಮೇಲೆ ಜನ ತುಂಬಿದ್ದರು.

"ಅಜ್ಜ, ಇವು ಆಗುತ್ತವಾ?"

"ಅಜ್ಜ ಯಾಕಮ್ಮ ನೋಡಬೇಕು? ಅಣಬೆಗಳೇ ಎದ್ದು ನಿಂತು ಅಜ್ಜನಿಗೆ ಹೆಸರು ಹೇಳುತ್ತವೆ!" ಎಂದ ಕಟ್ಟೆಯ ಮೇಲಿದ್ದವನೊಬ್ಬ. ಎಲ್ಲರೂ ನಕ್ಕರು.

ಅಜ್ಜ ಬಗ್ಗಿ ನೋಡಿದ. ಮಡಿಲಲ್ಲಿ ಮಗುಚಿ ಬಿದ್ದಿದ್ದ ಒಂದರ ಅಡಿಯಲ್ಲಿ ತೆಳುವಾದ ಹಸಿರಿತ್ತು. ಅಂಥದ್ದನ್ನು ಅವನು ಎಂದೂ ಕಂಡಿರಲಿಲ್ಲ. ಕಟ್ಟೆಯ ಕಡೆ ತಿರುಗಿದ. ಎಲ್ಲರೂ ಅವನ ಮಾತಿಗೇ ಕಾಯುತ್ತಿದ್ದರು. ಹೂಂ ಎಂದು ತಲೆಯಾಡಿಸಿದ. ಅವಳು ಹೊರಟುಹೋದಳು.

ಮನೆಗೆ ಬಂದ ಅಜ್ಜನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆ ಹಸಿರು ಕಣ್ಣಿಗೆ ಕಟ್ಟಿತು. ಅವಳ ಮನೆಯಲ್ಲಿ ಉಣ್ಣುವವರನ್ನೆಲ್ಲ ನೆನೆದ. ಈಗಷ್ಟೇ ಅನ್ನ ತಿನ್ನಲು ಕಲಿತ ಕೂಸೊಂದು ಬೇರೆ ಇತ್ತು. ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಓಣಿಯ ತುದಿಯಲ್ಲೇ ಒಗ್ಗರಣೆಯ ವಾಸನೆ ಬಂತು. ಒಳಗೆ ನುಗ್ಗಿದರೆ ಮನೆಮಂದಿಯೆಲ್ಲ ತಟ್ಟೆಯ ಮುಂದೆ ಕೂತಿದ್ದಾರೆ, ಸೊಸೆಯ ಕೈಯಲ್ಲಿ ಸೌಟು.

"ಬಡಿಸಬೇಡ! ಬಡಿಸಬೇಡ ಕಣವ್ವ! ಅದೇನು ಅಣಬೆ ಅಂತ ನನಗೆ ಗೊತ್ತಿಲ್ಲ!"

ಸೊಸೆ ಸೌಟು ಕೆಳಗಿಟ್ಟಳು. "ಇದು ಹುರುಳಿ ಸಾರು, ಅಜ್ಜ. ಕೂತ್ಕೊಳ್ಳಿ, ಮೊದಲು ಉಸಿರು ಬಿಡಿ. ಆ ಅಣಬೆ ತಿಪ್ಪೆಯಲ್ಲಿದೆ. ಕೋಳಿ ಕೆದಕದ ಹಾಗೆ ಮೇಲೆ ಮಣ್ಣೂ ಮುಚ್ಚಿದ್ದೇನೆ."

"ನಾನು ಹೂಂ ಅಂದಿದ್ದೆನಲ್ಲವ್ವ?"

"ಅಂದಿರಿ. ಯಾವಾಗಲೂ ಅಣಬೆ ನೋಡಿ ಅನ್ನುತ್ತಿದ್ದಿರಿ. ಇವತ್ತು ಕಟ್ಟೆ ನೋಡಿ ಅಂದಿರಿ."

ಅಜ್ಜ ಗೋಡೆಗೆ ಒರಗಿ ಕೂತ. ಆಮೇಲೆ ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಯಾರೂ ಕರೆಯದಿದ್ದರೂ ತಾನೇ ಒಂದು ತಟ್ಟೆ ಎಳೆದುಕೊಂಡು, "ನನಗೂ ಒಂದು ಮುದ್ದೆ ಹಾಕವ್ವ" ಎಂದ. ಅಷ್ಟು ರುಚಿಯಾದ ಹುರುಳಿ ಸಾರನ್ನು ಅವನು ಹುಟ್ಟಿದ ಮೇಲೆ ಉಂಡಿರಲಿಲ್ಲವಂತೆ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೂ ಎದೆ ಹಗುರಾಯಿತು.

"ಸದ್ಯ, ಯಾರಿಗೂ ಏನೂ ಆಗಲಿಲ್ಲವಲ್ಲ! ಹಾಗಾದರೆ ಎಂದೋ ಒಮ್ಮೆ ಗೊತ್ತಿಲ್ಲದೆ ಹೂಂ ಎಂದರೂ ನಡೆಯುತ್ತದೆ ಎನ್ನಿ" ಎಂದು ನಕ್ಕ.

"ನಡೆಯುತ್ತದಪ್ಪ, ನೀನು ಹೋಗುವ ಮನೆಮನೆಯಲ್ಲೂ ಅಂಥ ಸೊಸೆ ಇದ್ದರೆ" ಎಂದರು ಗುರುಗಳು.