ಮಾರ್ಬಲ್ಲಿಗೆ ಹುಣಸೆಹುಳಿ

ದೇವರ ಮನೆಗೆ ಹೊಸದಾಗಿ ಹಾಸಿದ ಬಿಳಿ ಮಾರ್ಬಲ್ಲಿಗೆ ಒಂದೇ ಕೊರಗು. ಶುಕ್ರವಾರ ಬಂತೆಂದರೆ ಹಿತ್ತಾಳೆ ದೀಪವನ್ನು ಹುಣಸೆಹುಳಿ ಹಚ್ಚಿ ತಿಕ್ಕುತ್ತಾರೆ, ಅದು ಮದುಮಗಳ ಹಾಗೆ ಹೊಳೆಯುತ್ತದೆ; ತನಗೆ ಮಾತ್ರ ದಿನಾ ಬರೀ ನೀರಿನ ಒದ್ದೆ ಬಟ್ಟೆ.

ಆ ಶುಕ್ರವಾರ ದೀಪ ತಿಕ್ಕಿ ಉಳಿದ ಹುಳಿ ಬಟ್ಟಲಲ್ಲಿ ಪಕ್ಕದಲ್ಲೇ ಇತ್ತು. ಮಾರ್ಬಲ್ಲು ಕೇಳಿತು: "ಹುಳಿಯಣ್ಣ, ನನಗೂ ಒಂಚೂರು ಹೊಳಪು ಕೊಡಬಾರದೇ?"

"ನಾನು ಯಾರಿಗೂ ಹೊಳಪು ಕೊಡುವವನಲ್ಲ ತಂಗಿ," ಎಂದಿತು ಹುಳಿ. "ಮೇಲಿನ ಪದರ ತಿನ್ನುವುದಷ್ಟೇ ನನ್ನ ಕಸುಬು. ದೀಪದ ಮೇಲೆ ಕಿಲುಬಿತ್ತು, ತಿಂದೆ. ನಿನ್ನ ಮೇಲೆ ಇರುವುದು ಹೊಳಪೊಂದೇ."

"ಕೊಡಲು ಮನಸ್ಸಿಲ್ಲದವರಿಗೆ ನೆಪಕ್ಕೇನು ಬರವೇ?"

ಮೂಲೆಯಲ್ಲಿದ್ದ ಒದ್ದೆ ಬಟ್ಟೆ "ಬೇಡ ಕಣೇ" ಎನ್ನುವಷ್ಟರಲ್ಲಿ, ಕೆಣಕಿಸಿಕೊಂಡ ಹುಳಿ ಬಟ್ಟಲಿನಿಂದ ತುಳುಕಿ ನೆಲದ ಮೇಲೆ ಹರಡಿತು. ಮಾರ್ಬಲ್ಲಿಗೆ ಚುರುಚುರು ಎಂದಿತು. ಹೊಳಪು ಬರುವಾಗ ಹೀಗೇ ಇರಬೇಕು ಎಂದು ಸಹಿಸಿಕೊಂಡಿತು.

ಸಂಜೆ ದೀಪ ಹಚ್ಚಲು ಬಂದ ಮನೆಯೊಡತಿ ಗಿರಿಜಾಂಬ ನೆಲ ಒರೆಸಿ ನೋಡಿದರು. ಅಂಗೈಯಗಲ ಜಾಗ ಸುಣ್ಣದ ಗೋಡೆಯ ಹಾಗೆ ಮಂಕಾಗಿತ್ತು.

"ನೋಡ್ರೀ, ಹೊಸ ಕಲ್ಲಿಗೆ ಆಗಲೇ ಕಲೆ ಬಂತು," ಎಂದು ಗಂಡನನ್ನು ಕರೆದರು.

"ಕಲೆಯಲ್ಲ ತಾಯಿ, ಹುಳಿ ತಿಂದ ಗಾಯ. ಇನ್ನು ಬರೀ ನೀರೇ ಸಾಕು," ಎಂದು ಮಾರ್ಬಲ್ಲು ಗೋಗರೆಯಿತು. ಕಲ್ಲಿನ ಮಾತು ಮನುಷ್ಯರಿಗೆ ಕೇಳಿಸುವುದುಂಟೇ?

ಗಿರಿಜಾಂಬ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತರು. "ಇದು ನೀರಿಗೆಲ್ಲ ಬಗ್ಗೋಲ್ಲ. ಫ್ರಿಜ್ಜಲ್ಲಿ ನಿಂಬೆಹಣ್ಣಿದೆ, ಹೆಚ್ಚಿಕೊಂಡು ಬನ್ನಿ."